ಚೀಲ ಕಾಯುವವರಿಗೂ ಇಡೀ ದಿನದ ಟಿಕೆಟ್!

ಸಂಜೆಯ ಪ್ರದರ್ಶನವಷ್ಟೇ ಸಾಕು ಎನ್ನುವವರಿಗೆ ದಾರಿ ಯಾವುದು?

ಮುಂಬಯಿ: ಮಳೆಗಾಲ ಮುಗಿದು, ನವರಾತ್ರಿ-ದೀಪಾವಳಿಯ ಗಡಿಬಿಡಿ ಕಳೆಯಿತೆಂದರೆ ಮಹಾನಗರದ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಲ್ಲಿ ವಿಹಾರಕೂಟದ ಮಾತು ಶುರುವಾಗುತ್ತದೆ. ಯುವ ವಿಭಾಗಕ್ಕೆ ವಾಟರ್ ಪಾರ್ಕ್ ಆಗಬೇಕು. ಮಹಿಳಾ ವಿಭಾಗಕ್ಕೆ ಮಕ್ಕಳೂ ಹಿರಿಯರೂ ಒಟ್ಟಿಗೆ ಹೋಗುವಂಥ ಜಾಗ ಆಗಬೇಕು. ಕೋಶಾಧಿಕಾರಿಗೆ ತಲೆಗೆ ಎಷ್ಟು ಬೀಳುತ್ತದೆ ಎಂಬುದೇ ಚಿಂತೆ. ಅಂತೂ ಬಸ್ಸು ಹೊರಟು ಮನರಂಜನಾ ಉದ್ಯಾನದ ಬಾಗಿಲಿಗೆ ಮುಟ್ಟಿದಾಗ ಎಲ್ಲರಿಗೂ ಇಡೀ ದಿನದ ಟಿಕೆಟ್. ಹದಿನೆಂಟರ ಹುಡುಗ ಹತ್ತು ಸಲ ರೋಲರ್ ಕೋಸ್ಟರ್ ಏರಿ ಇಳಿಯುತ್ತಾನೆ. ಮಂಡಿನೋವಿನ ಅಜ್ಜಿ ನೆರಳಿನ ಬೆಂಚಿನಲ್ಲಿ ಕುಳಿತು ಎಲ್ಲರ ಚೀಲ, ಚಪ್ಪಲಿ, ಮೊಬೈಲು ಕಾಯುತ್ತಾರೆ. ಅವರು ಕಣ್ತುಂಬ ನೋಡಿ ಸಂತೋಷಪಡುವುದು ಸಂಜೆಯ ಮೆರವಣಿಗೆಯನ್ನೋ ದೀಪಾಲಂಕಾರವನ್ನೋ ಮಾತ್ರ. ಹಿರಿಯರೆಂದು ರಿಯಾಯಿತಿ ಸಿಕ್ಕಿದರೂ ಅದು ಇಡೀ ದಿನದ ಟಿಕೆಟಿನಲ್ಲಿ ಸಿಗುವ ರಿಯಾಯಿತಿಯೇ ಹೊರತು ಸಂಜೆಯ ಟಿಕೆಟ್ ಅಲ್ಲ.

ಈ ಲೆಕ್ಕದಿಂದ ಹೊರಗೆ ಉಳಿಯುವವರು ಅಜ್ಜ-ಅಜ್ಜಿಯರು ಮಾತ್ರವಲ್ಲ. ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮ ಬಾಂಧವರಿಗೆ ಇಡೀ ದಿನದ ರಜೆ ಸಿಗುವುದೇ ಅಪರೂಪ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಪರಂಪರೆ ಈ ನಗರದ ಕನ್ನಡಿಗರದು. ಸಂಜೆಯ ಎರಡು ಗಂಟೆ ಎಂದರೆ ಎಷ್ಟು ಬೆಲೆಯದ್ದು ಎಂಬುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಅಂಥವರು ವಿಹಾರಕೂಟದ ಪಟ್ಟಿಯಲ್ಲಿ ಹೆಸರು ಬರೆಸುವುದೇ ಇಲ್ಲ.

ಖೋಪೋಲಿಯ ಪೆರೇಡು

ಮುಂಬಯಿಗರಿಗೆ ಇಂದು ಥೀಮ್ ಪಾರ್ಕ್ ಎಂದೊಡನೆ ನೆನಪಾಗುವುದು ರಾಯಗಡ ಜಿಲ್ಲೆಯ ಖೋಪೋಲಿ ಸಮೀಪದ ಇಮ್ಯಾಜಿಕಾ. ಇದರ ಹಿಂದೆ ನಮ್ಮವರದೇ ಕನಸಿತ್ತು. 1978ರಲ್ಲಿ ಆಡ್‌ಲ್ಯಾಬ್ಸ್ ಸಂಸ್ಥೆಯನ್ನು ಪಾಲುದಾರರೊಂದಿಗೆ ಆರಂಭಿಸಿ, 2001ರಲ್ಲಿ ವಡಾಲಾದಲ್ಲಿ ಐಮ್ಯಾಕ್ಸ್ ಗುಮ್ಮಟ ಚಿತ್ರಮಂದಿರವನ್ನು ತೆರೆದ ಮನಮೋಹನ್ ಶೆಟ್ಟಿ ಅವರು 2013ರ ಏಪ್ರಿಲ್‌ನಲ್ಲಿ ಈ ಉದ್ಯಾನವನ್ನು ಆರಂಭಿಸಿದರು. ಬಳಿಕ ವಾಟರ್ ಪಾರ್ಕ್, ಹೊಟೇಲು, ಹಿಮದ ಆಟದಂಗಳ ಒಂದೊಂದಾಗಿ ಸೇರಿಕೊಂಡವು. 2022ರಲ್ಲಿ ಇದರ ಆಡಳಿತ ಮಲ್ಪಾನಿ ಸಮೂಹದ ಕೈಗೆ ಬಂತು.

ಇಲ್ಲಿ ದಿನದ ಕೊನೆಗೆ ನಡೆಯುವ ಮೆರವಣಿಗೆ ಬಹು ಜನಪ್ರಿಯ. ದೀಪಗಳಿಂದ ಅಲಂಕರಿಸಿದ ವಾಹನಗಳು, ವೇಷಧಾರಿಗಳು, ನರ್ತಕರು ಉದ್ಯಾನದ ಬೀದಿಯಲ್ಲಿ ಸಾಗುವಾಗ ಬೆಳಗ್ಗಿನಿಂದ ದಣಿದವರೂ ಎದ್ದು ನಿಲ್ಲುತ್ತಾರೆ. ರೈಡ್ ಏರಲಾಗದ ಹಿರಿಯರಿಗೂ ಪುಟ್ಟ ಮಕ್ಕಳಿಗೂ ಹೇಳಿ ಮಾಡಿಸಿದ ಕಾರ್ಯಕ್ರಮವಿದು. ಆದರೆ ಇದು ದಿನದ ಟಿಕೆಟಿನ ಒಳಗಿನ ಬಾಬತ್ತು.

ಲೆಕ್ಕ ಹಾಕಿ ನೋಡಬಹುದು. ಟಿಕೆಟಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬೆಳಗ್ಗೆ 11ಕ್ಕೆ ಒಳಹೊಕ್ಕು ರಾತ್ರಿ 8ಕ್ಕೆ ಹೊರಬರುವವರಿಗೆ ಗಂಟೆಗೆ ಸುಮಾರು 111 ರೂಪಾಯಿ ಬೀಳುತ್ತದೆ. ಅದೇ ಟಿಕೆಟ್ ಕೊಂಡು ಸಂಜೆ 6ಕ್ಕೆ ಬರುವವರಿಗೆ ಗಂಟೆಗೆ 500 ರೂಪಾಯಿ. ಐವತ್ತು ಮಂದಿಯ ತಂಡದಲ್ಲಿ ರೈಡ್ ಏರದವರು ಹದಿನೈದು ಮಂದಿ ಇದ್ದರೆ 15,000 ರೂಪಾಯಿ ಬರಿದೇ ಬೆಂಚಿನ ಮೇಲೆ ಕುಳಿತದ್ದಕ್ಕೆ ಸಂದಾಯವಾಗುತ್ತದೆ.

ಒಂದೇ ಟಿಕೆಟ್ ಯಾಕೆ?

ನಮ್ಮ ಊರಿನ ಆಟದ ಡೇರೆಗಳಲ್ಲಿ ನೆಲಕ್ಕೊಂದು ದರ, ಕುರ್ಚಿಗೊಂದು ದರ ಇತ್ತು. ಹರಕೆಯ ಬಯಲಾಟಕ್ಕಂತೂ ಟಿಕೆಟ್ಟೇ ಇಲ್ಲ. ಜಗತ್ತಿನ ಹಳೆಯ ಮನರಂಜನಾ ಉದ್ಯಾನಗಳಲ್ಲೂ ಇಂಥ ವಿಂಗಡಣೆ ಇತ್ತು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ 1843ರಲ್ಲಿ ತೆರೆದ ತಿವೋಲಿ ಉದ್ಯಾನದಲ್ಲಿ ಇಂದಿಗೂ ಪ್ರವೇಶಕ್ಕೆ ಒಂದು ಟಿಕೆಟ್, ರೈಡುಗಳಿಗೆ ಬೇರೆ ಟಿಕೆಟ್. ದೀಪ ನೋಡಲು, ಸಂಗೀತ ಕೇಳಲು ಸಂಜೆ ಬರುವವರು ಪ್ರವೇಶದ ಹಣವನ್ನಷ್ಟೇ ಕೊಡುತ್ತಾರೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ದೊಡ್ಡವರ ಪ್ರವೇಶಕ್ಕೆ ಒಂದು ಡಾಲರ್ ಇತ್ತು, ರೈಡುಗಳಿಗೆ ಬೇರೆ ಹಣ. ಬಳಿಕ ರೈಡುಗಳಿಗೆ ಅಕ್ಷರ ಗುರುತಿನ ಕೂಪನ್ ಪುಸ್ತಕಗಳು ಬಂದವು. ಅಂದು ಮೊಮ್ಮಕ್ಕಳೊಂದಿಗೆ ಬಂದ ಅಜ್ಜಿ ಬಾಗಿಲಿನ ಹಣ ಕೊಟ್ಟು ಒಳಗೆಲ್ಲ ತಿರುಗಾಡಬಹುದಿತ್ತು. 1982ರಲ್ಲಿ ಕೂಪನ್ ಪದ್ಧತಿ ನಿಂತು ಎಲ್ಲವನ್ನೂ ಒಳಗೊಂಡ ಒಂದೇ ಟಿಕೆಟ್ ಬಂತು. ಪ್ರತಿ ರೈಡಿನ ಬುಡದಲ್ಲಿ ಟಿಕೆಟ್ ಹರಿಯಲು ಜನ ಬೇಡ, ಚಿಲ್ಲರೆಯ ತಕರಾರು ಇಲ್ಲ, ದಿನದ ಆದಾಯದ ಅಂದಾಜು ಮೊದಲೇ ಸಿಗುತ್ತದೆ. ಬೆಳಗ್ಗಿನಿಂದ ಸಂಜೆಯವರೆಗೆ ಒಳಗೇ ಇರುವವರು ಊಟ-ತಿಂಡಿಗೂ ಅಲ್ಲೇ ಖರ್ಚು ಮಾಡುತ್ತಾರೆ. ಹತ್ತು ಸಲ ರೈಡ್ ಏರುವವರಿಗೆ ಈ ಏರ್ಪಾಡು ಲಾಭವೇ. ಒಮ್ಮೆಯೂ ಏರದವರಿಗೆ ಮಾತ್ರ ಹೊರೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ ಕೆಲಸದ ದಿನಗಳ ಸಂಜೆಗೆಂದೇ ಕಡಿಮೆ ದರದ ಟಿಕೆಟ್ ಉಂಟು. ಆಫೀಸು ಮುಗಿಸಿ ಬರುವವರು ರಾತ್ರಿಯ ಮೆರವಣಿಗೆ ನೋಡಿ ಮನೆಗೆ ಮರಳುತ್ತಾರೆ. ಹಗಲಿನ ಜನ ಕರಗುತ್ತಾ ಬಂದ ಹೊತ್ತಿಗೆ ಹೊಸಬರು ಒಳಬಂದರೆ ಉದ್ಯಾನಕ್ಕೂ ನಷ್ಟವೇನಿಲ್ಲ.

ಗೊರಾಯಿ ದೋಣಿಯ ಪಾಠ

ಇಮ್ಯಾಜಿಕಾಕ್ಕೆ ಮೊದಲು ಮುಂಬಯಿಯ ಮಕ್ಕಳ ಬಾಯಲ್ಲಿ ನಲಿಯುತ್ತಿದ್ದ ಹೆಸರು ಎಸ್ಸೆಲ್‌ವರ್ಲ್ಡ್. 1989ರ ಡಿಸೆಂಬರಿನಲ್ಲಿ ಗೊರಾಯಿಯಲ್ಲಿ ಆರಂಭವಾದ ಈ ಉದ್ಯಾನದ ಟೀವಿ ಜಾಹೀರಾತಿನ ಹಾಡು ಇಂದಿನ ಅಪ್ಪ-ಅಮ್ಮಂದಿರಿಗೆ ಈಗಲೂ ಬಾಯಿಪಾಠ. 1998ರಲ್ಲಿ ಪಕ್ಕದಲ್ಲೇ ವಾಟರ್ ಕಿಂಗ್‌ಡಮ್ ಬಂತು. ಎಸ್ಸೆಲ್‌ವರ್ಲ್ಡ್ 2022ರಲ್ಲಿ ಬಾಗಿಲು ಮುಚ್ಚಿತು.

ಅಲ್ಲಿಗೆ ಹೋದವರಿಗೆ ನೆನಪಿರುವ ಇನ್ನೊಂದು ಸಂಗತಿ ಖಾಡಿ ದಾಟುವ ದೋಣಿ. ದೋಣಿಯಿಂದ ಇಳಿದವರೆಲ್ಲ ಉದ್ಯಾನದ ಟಿಕೆಟ್ ಕೊಳ್ಳಲೇಬೇಕೆಂದಿರಲಿಲ್ಲ. ಪಕ್ಕದಲ್ಲೇ 2009ರ ಫೆಬ್ರವರಿಯಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರು ಉದ್ಘಾಟಿಸಿದ ಗ್ಲೋಬಲ್ ವಿಪಶ್ಯನಾ ಪಗೋಡ ಇದೆ. ನಡುವೆ ಒಂದು ಕಂಬವೂ ಇಲ್ಲದ ಕಲ್ಲಿನ ಗುಮ್ಮಟದಡಿ ಸುಮಾರು 8,000 ಮಂದಿ ಧ್ಯಾನಕ್ಕೆ ಕೂರಬಹುದು. ನೋಡಲು ಹೋಗುವವರಿಗೆ ಪ್ರವೇಶ ಉಚಿತ, ದೋಣಿಗಷ್ಟೇ ಹಣ. ಮಕ್ಕಳು ವಾಟರ್ ಕಿಂಗ್‌ಡಮ್ಮಿನಲ್ಲಿ ನೆನೆಯುವಾಗ ಹಿರಿಯರು ಪಗೋಡ ನೋಡಿ, ಇಳಿಬಿಸಿಲಿನಲ್ಲಿ ಖಾಡಿಯ ಗಾಳಿ ಕುಡಿದು ಬರಬಹುದು. ಇಡೀ ತಂಡಕ್ಕೆ ಒಂದೇ ಟಿಕೆಟ್ ಕೊಳ್ಳುವ ಮೊದಲು ಪಕ್ಕದಲ್ಲಿ ಏನಿದೆ ಎಂದು ನೋಡಬೇಕೆಂಬ ಪಾಠ ಇಲ್ಲಿದೆ.

ನಗರದೊಳಗಿನ ಸಂಜೆಗಳು

ಸಂಜೆಯ ಪ್ರದರ್ಶನವೇ ಮುಖ್ಯ ಎನ್ನುವವರು ಖೋಪೋಲಿಯವರೆಗೆ ಹೋಗಬೇಕೆಂದೂ ಇಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣದ ಜಿಯೋ ವರ್ಲ್ಡ್ ಸೆಂಟರಿನಲ್ಲಿ 2022ರಲ್ಲಿ ತೆರೆದ ಧೀರೂಭಾಯಿ ಅಂಬಾನಿ ಸ್ಕ್ವೇರ್‌ನ ಸಂಗೀತ ಕಾರಂಜಿ ಇಂಥವರಿಗೆ ತಕ್ಕುದು. ನೀರು, ಬೆಳಕು, ಬೆಂಕಿ ಮೂರೂ ಹಾಡಿನ ತಾಳಕ್ಕೆ ಕುಣಿಯುವ ಈ ಪ್ರದರ್ಶನಕ್ಕೆ ಹಣವಿಲ್ಲ. ಮುಂಗಡವಾಗಿ ಪಾಸ್ ಪಡೆದು ಹೋಗುವ ಪದ್ಧತಿ. ಹೊರಡುವ ಮೊದಲು ಆ ದಿನ ಪ್ರದರ್ಶನ ಇದೆಯೇ ಎಂದು ಖಾತ್ರಿಪಡಿಸಿಕೊಂಡರೆ ನಿರಾಶೆ ತಪ್ಪುತ್ತದೆ.

ಕೋಟೆ ಪರಿಸರದಲ್ಲಿ 1999ರಿಂದ ನಡೆದುಬಂದ ಕಾಲಾ ಘೋಡಾ ಕಲಾ ಉತ್ಸವ ಒಂಬತ್ತು ದಿನಗಳ ಹಬ್ಬ. ಸಂಗೀತ, ನೃತ್ಯ, ನಾಟಕ ಯಾವುದಕ್ಕೂ ಟಿಕೆಟ್ ಇಲ್ಲ. ಕೋಟೆ, ಚರ್ಚ್‌ಗೇಟ್ ಭಾಗದ ಹೊಟೇಲು ಕಾರ್ಮಿಕರು ಪಾಳಿ ಮುಗಿಸಿ ನಡೆದೇ ಹೋಗಬಹುದಾದ ದೂರ. ಸಂಜೆಗೆ ಮೊದಲೇ ಮುಗಿಸಬೇಕೆನ್ನುವವರಿಗೆ 1977ರಲ್ಲಿ ಆರಂಭವಾದ ವರ್ಲಿಯ ನೆಹರೂ ತಾರಾಲಯ ಇದೆ. ಅಲ್ಲಿ ಪ್ರದರ್ಶನಕ್ಕೆ ಇಷ್ಟು ಎಂದು ಟಿಕೆಟ್. ಹಿರಿಯರು ಆರಾಮವಾಗಿ ಕುಳಿತೇ ನೋಡಬಹುದು. ಸೋಮವಾರ ರಜೆ.

ಊರಿಗೆ ಹೋದಾಗ

ಸಂಜೆಯನ್ನೇ ನಂಬಿಕೊಂಡ ಪ್ರದರ್ಶನ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗಬೇಕಾದದ್ದು ಮೈಸೂರು. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಬಳಿಕ ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಹಗಲಿನಲ್ಲಿ ಒಳಾಂಗಣ ನೋಡಲು ಟಿಕೆಟ್ ಬೇಕು. ರವಿವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ಸಂಜೆ 7ರ ಸುಮಾರಿಗೆ ಹೆಚ್ಚುಕಡಿಮೆ ಒಂದು ಲಕ್ಷ ದೀಪಗಳು ಒಮ್ಮೆಲೇ ಹೊತ್ತಿಕೊಂಡು ಮುಕ್ಕಾಲು ಗಂಟೆ ಬೆಳಗುವಾಗ ಅಂಗಳಕ್ಕೆ ಹೋಗಲು ಹಣವಿಲ್ಲ. ದಸರಾ ದಿನಗಳಲ್ಲಿ ಪ್ರತಿ ರಾತ್ರಿಯೂ ಈ ಬೆಳಕು. ಇತರ ದಿನಗಳ ಧ್ವನಿ-ಬೆಳಕು ಕಾರ್ಯಕ್ರಮಕ್ಕೆ ಪ್ರತ್ಯೇಕ ಟಿಕೆಟ್. ಹಗಲಿಗೂ ಸಂಜೆಗೂ ಗಂಟು ಹಾಕದ ಈ ಏರ್ಪಾಡು ಇತರ ಉದ್ಯಾನಗಳಿಗೂ ಮಾದರಿ.

ಕೃಷ್ಣರಾಜಸಾಗರದ ಬೃಂದಾವನವೂ ಹಾಗೆಯೇ. ಮಾಟುಂಗಾ ಪಶ್ಚಿಮದ ಕರ್ನಾಟಕ ಸಂಘದ ಸಭಾಗೃಹಕ್ಕೆ ಯಾರ ಹೆಸರಿದೆಯೋ ಆ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೇಲೆದ್ದ ಅಣೆಕಟ್ಟಿನ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸ್ಥೆಯಿಂದ ಅರಳಿದ ಉದ್ಯಾನವಿದು. ಸಾಧಾರಣ ಪ್ರವೇಶದರ ಕೊಟ್ಟವರು ಸಂಜೆ ಬಂದರೂ ಸಂಗೀತ ಕಾರಂಜಿ ನೋಡಿಯೇ ಮರಳಬಹುದು. ಬಾಗಿಲಿನಿಂದ ಕಾರಂಜಿಯವರೆಗೆ ಸಾಕಷ್ಟು ನಡೆಯಬೇಕಾದ್ದರಿಂದ ಹಿರಿಯರೊಂದಿಗೆ ಹೋಗುವವರು ಕತ್ತಲಾಗುವ ಮೊದಲೇ ಒಳಸೇರುವುದು ಒಳ್ಳೆಯದು. ಮೈಸೂರಿನಿಂದ ಇದು ಸುಮಾರು 20 ಕಿಲೋಮೀಟರ್ ದೂರ. ಅರಮನೆಯ ದೀಪ, ಬೃಂದಾವನದ ಕಾರಂಜಿ ಎರಡನ್ನೂ ಒಂದೇ ರವಿವಾರದ ಸಂಜೆ ನೋಡಲು ಹೊರಟರೆ ಎರಡೂ ಅರೆಬರೆ. ಶನಿವಾರ ಬೃಂದಾವನ, ರವಿವಾರ ಅರಮನೆ ಎಂದು ಇಟ್ಟುಕೊಂಡರೆ ಎರಡೂ ದಕ್ಕುತ್ತವೆ.

ಸಂಘಗಳು ಏನು ಮಾಡಬಹುದು?

ಮೊದಲನೆಯದಾಗಿ, ಹೆಸರು ನೋಂದಾಯಿಸುವಾಗಲೇ ‘ರೈಡ್ ಏರುವವರು', ‘ಏರದವರು' ಎಂದು ಎರಡು ಕಾಲಮ್ ಇರಲಿ. ದೊಡ್ಡ ತಂಡಗಳ ಬುಕಿಂಗ್ ಮಾಡುವಾಗ ಪದಾಧಿಕಾರಿಗಳು ಎರಡನೇ ಕಾಲಮಿನವರಿಗೆ ಬೇರೆ ದರ ಉಂಟೇ, ತಡವಾಗಿ ಬರುವವರಿಗೆ ಸಂಜೆಯ ಪ್ರವೇಶ ಕೊಡುವಿರಾ ಎಂದು ಪತ್ರ ಮುಖೇನ ಕೇಳಬೇಕು. ಒಬ್ಬರು ಕೌಂಟರಿನಲ್ಲಿ ಕೇಳುವುದಕ್ಕೂ ಐವತ್ತು ಮಂದಿಯ ಪರವಾಗಿ ಸಂಘ ಕೇಳುವುದಕ್ಕೂ ತೂಕ ಬೇರೆ.

ಎರಡನೆಯದಾಗಿ, ಹಿಂದಿರುಗುವ ದಾರಿಯನ್ನು ಮೊದಲು ನೋಡಬೇಕು. ಸಂಜೆಯ ಪ್ರದರ್ಶನದ ನಿಜವಾದ ಖರ್ಚು ಹಲವು ಸಲ ಟಿಕೆಟಿನಲ್ಲಿರುವುದಿಲ್ಲ. ರಾತ್ರಿ ಮನೆ ಸೇರುವುದರಲ್ಲಿರುತ್ತದೆ. ಖೋಪೋಲಿಗೆ ಲೋಕಲ್ ಇದ್ದರೂ ಗಾಡಿಗಳು ಕಡಿಮೆ. ಉದ್ಯಾನದಿಂದ ನಿಲ್ದಾಣಕ್ಕೆ ಮತ್ತೆ ವಾಹನ ಹಿಡಿಯಬೇಕು. ಗೊರಾಯಿಯಲ್ಲಿ ಕೊನೆಯ ದೋಣಿ, ಬೃಂದಾವನದಲ್ಲಿ ಕೊನೆಯ ಬಸ್ಸು ಇವೆಲ್ಲ ಪ್ರದರ್ಶನದ ಸಮಯದಷ್ಟೇ ಮುಖ್ಯ.

ಮೂರನೆಯದಾಗಿ, ಅಡ್ಡದಾರಿ ಬೇಡ. ಬೇಗ ಹೊರಬಂದವರ ಕೈಪಟ್ಟಿ ಕಟ್ಟಿಕೊಂಡು ಒಳನುಸುಳುವ ಉಪಾಯ ಹೇಳಿಕೊಡುವವರು ಎಲ್ಲೆಡೆ ಇರುತ್ತಾರೆ. ಬಾಗಿಲಲ್ಲಿ ಸಿಕ್ಕಿಬಿದ್ದರೆ ಹೋಗುವುದು ಒಬ್ಬರ ಮಾನವಲ್ಲ, ಸಂಘದ ಹೆಸರು.

ಎಲ್ಲಕ್ಕಿಂತ ಸುಲಭದ ದಾರಿ ಎಂದರೆ ವರ್ಷಕ್ಕೆ ಎರಡು ಕಾರ್ಯಕ್ರಮ. ಯುವಕರಿಗೂ ಮಕ್ಕಳಿಗೂ ಹಗಲಿನ ವಿಹಾರಕೂಟ. ಹಿರಿಯರಿಗೂ ದುಡಿಯುವ ಬಾಂಧವರಿಗೂ ಸಂಜೆಯ ಒಂದು ಕೂಟ. ಹದಿನೈದು ಮಂದಿ ಬೆಂಚಿನಲ್ಲಿ ಕುಳಿತದ್ದಕ್ಕೆ ಹೋಗುವ ಹಣದಲ್ಲೇ ಎರಡನೆಯದರ ಬಸ್ಸು, ಚಹಾ-ತಿಂಡಿಯ ಖರ್ಚಿನ ದೊಡ್ಡ ಪಾಲು ನೀಗುತ್ತದೆ. ವಾರ್ಷಿಕ ಮಹಾಸಭೆಯ ಮುಂಗಡಪತ್ರದಲ್ಲಿ ಇದಕ್ಕೊಂದು ಸಾಲು ಬರೆದಿಟ್ಟರೆ, ವಿಹಾರಕೂಟದ ಪಟ್ಟಿಯಲ್ಲಿ ಇದುವರೆಗೆ ಕಾಣದ ಹೆಸರುಗಳು ಮುಂದಿನ ಸಲ ಕಾಣಿಸಿಕೊಳ್ಳುತ್ತವೆ.