ಕಾರಿನ ಶೆಡ್ಡು ಕಟ್ಟುವ ಮೊದಲು ಕಾಲಡಿಯ ನೆಲ ನೋಡಿ

ಹಳೆ ಮಾರುತಿ 800, ಹಳೆ ಜೀಪು ಕೊಂಡು ಮನೆಯಲ್ಲೇ ಬಿಚ್ಚಿ ಜೋಡಿಸುವವರು ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ನನಗೆ ಹಲವರು ಗೊತ್ತು. ಅವರಲ್ಲಿ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್, ವೆಲ್ಡರ್ ಆಗಿ ದುಡಿದವರೂ ಇದ್ದಾರೆ. ಗಾಡಿಯ ಕೆಲಸ ಅವರ ಕೈಯಲ್ಲಿದೆ. ಎಡವುವುದು ಆ ಕೆಲಸಕ್ಕೆ ಜಾಗ ಕಟ್ಟುವಾಗ. ಬೇರೆ ಊರಿನ ಶೆಡ್ಡನ್ನು ಮೊಬೈಲಿನಲ್ಲಿ ನೋಡಿ ಹಾಗೇ ಕಟ್ಟಿಸಿದರೆ ನಮ್ಮ ನೆಲ ಒಪ್ಪುವುದಿಲ್ಲ. ಶಹಾಬಾದ್, ವಾಡಿಯಲ್ಲಿ ಎರಡು ಮೂರು ಅಡಿಗೇ ಹಾಸುಗಲ್ಲು ತಾಗುವ ಜಾಗಗಳಿವೆ. ಸೇಡಂ, ಚಿತ್ತಾಪುರದ ಬಯಲೆಲ್ಲ ಎರೆ. ಚಿಂಚೋಳಿಯ ಗುಡ್ಡಗಳ ಮೇಲೆ ಕೆಂಪು ಮುರುಮು. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಈ ಮೂರು ನೆಲಗಳನ್ನು ಒಂದೇ ಎಂದುಕೊಂಡದ್ದರಿಂದಲೇ ಆದವು.

ತಪ್ಪು ಕಲ್ಪನೆ: ಫರಸಿ ನಮ್ಮೂರ ಕಲ್ಲು. ಶೆಡ್ಡಿಗೆ ಅದಕ್ಕಿಂತ ಗಟ್ಟಿ ನೆಲ ಬೇರೆ ಇಲ್ಲ.

ವಾಸ್ತವ: ಪಡಸಾಲೆಗೆ, ಅಂಗಳಕ್ಕೆ ಫರಸಿಯನ್ನು ಮೀರಿಸುವ ಕಲ್ಲಿಲ್ಲ ಎಂದು ನಾನೂ ನಂಬಿದವನೇ. ಪುಣೆ, ಮುಂಬೈಯ ಹಳೆ ಮನೆಗಳಲ್ಲೂ ‘ಶಹಾಬಾದಿ’ ಎಂದರೆ ಈ ಸುಣ್ಣಕಲ್ಲೇ. ಆದರೆ ಜನ ಓಡಾಡುವ ಭಾರ ಬೇರೆ, ಗಾಡಿ ಎತ್ತಿ ನಿಲ್ಲಿಸುವ ಭಾರ ಬೇರೆ. ಜಾಕ್ ಸ್ಟ್ಯಾಂಡ್ ಇಟ್ಟಾಗ ನೂರಾರು ಕಿಲೋ ತೂಕ ಅಂಗೈಯಗಲದ ಜಾಗಕ್ಕೆ ಇಳಿಯುತ್ತದೆ. ಕಲ್ಲಿನ ದಪ್ಪ ಒಂದು, ಒಂದೂವರೆ ಇಂಚು. ಕೆಳಗೆ ಗಚ್ಚು ಪೂರ್ತಿ ತುಂಬದೆ ಪೊಳ್ಳು ಉಳಿದಿದ್ದರೆ ಅಲ್ಲೇ ಸೀಳುತ್ತದೆ.

ನಮ್ಮ ಶೆಡ್ಡಿನಲ್ಲಿ ಹಾಗೇ ಆಯಿತು. “ಫರಸಿ ಮನಿ ಮುಂದೇ ಬಿದ್ದಾದ, ಅದನ್ನೇ ಹಾಸಿಬಿಡ್ರಿ” ಎಂದು ಗೌಂಡಿ ಹೇಳಿದ್ದಕ್ಕೆ ನಾವೂ ಹೂಂ ಅಂದಿದ್ದೆವು. ಒಂದು ಸಂಜೆ ಜೀಪಿನ ಹಿಂಬದಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದ್ದೆವು. ಅಣ್ಣ ಪಾನಾ ತರಲೆಂದು ಗಾಡಿಯ ಕೆಳಗಿನಿಂದ ಎದ್ದು ಬಂದಿದ್ದ. ‘ಟಪ್’ ಎಂದು ಸದ್ದಾಯಿತು. ಬಗ್ಗಿ ನೋಡಿದರೆ ಸ್ಟ್ಯಾಂಡಿನ ಒಂದು ಕಾಲು ಅರ್ಧ ಇಂಚು ಒಳಗೆ ಕೂತು, ಜೀಪು ಒಂದು ಕಡೆ ವಾಲಿತ್ತು. ಇಬ್ಬರೂ ಎಷ್ಟೋ ಹೊತ್ತು ಮಾತಾಡಲಿಲ್ಲ. ಹಾಸಿದ ಕಲ್ಲನ್ನು ಅವತ್ತೇ ನಾಣ್ಯದಿಂದ ತಟ್ಟುತ್ತ ಬಂದಿದ್ದರೆ ಗೊತ್ತಾಗುತ್ತಿತ್ತು. ಗಟ್ಟಿ ಕೂತ ಕಲ್ಲು ‘ಟಣ್’ ಎನ್ನುತ್ತದೆ, ಪೊಳ್ಳಿದ್ದದ್ದು ‘ಡಬ್’ ಎನ್ನುತ್ತದೆ.

ಇನ್ನೊಂದು ಸಂಗತಿ. ಬ್ಯಾಟರಿಯ ಆ್ಯಸಿಡ್ ಒಂದು ಹನಿ ಫರಸಿಯ ಮೇಲೆ ಬೀಳಲಿ, ಚುರ್ ಎಂದು ನೊರೆ ಏಳುತ್ತದೆ. ಗಂಧಕಾಮ್ಲ ಸುಣ್ಣಕಲ್ಲನ್ನು ತಿನ್ನುವ ಸದ್ದು ಅದು. ಒರೆಸಿದ ಮೇಲೂ ಬಿಳಿಚಿದ ಕಲೆ ಉಳಿಯುತ್ತದೆ. ಗಾಡಿ ಎತ್ತುವ ಜಾಗಕ್ಕೆ ಐದು ಇಂಚಿನ ಕಾಂಕ್ರೀಟ್ ಹಾಕಿಸಿ. ಫರಸಿಯನ್ನು ಗೋಡೆಯ ಪಕ್ಕ, ಸಾಮಾನು ಇಡುವ ಕಟ್ಟೆಗೆ ಬಳಸಿ. ನೆಲ ಎಷ್ಟೇ ಗಟ್ಟಿಯಿರಲಿ, ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.

ತಪ್ಪು ಕಲ್ಪನೆ: ಎರೆ ಭೂಮಿ ಬೇಸಿಗೆಯಲ್ಲಿ ಕಲ್ಲಿನಂತಿರುತ್ತದೆ. ಅದರ ಮೇಲೇ ಕಾಂಕ್ರೀಟ್ ಸುರಿದರಾಯಿತು.

ವಾಸ್ತವ: ಮೇ ತಿಂಗಳಲ್ಲಿ ಗುದ್ದಲಿಗೂ ಜಗ್ಗದ ಅದೇ ಮಣ್ಣು ಜುಲೈಯಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ತೊಗರಿ ಹೊಲದಲ್ಲಿ ನಡೆದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಆದರೂ ಮನೆ ಕಟ್ಟುವಾಗ ಮರೆಯುತ್ತೇವೆ. ಮನೆಯ ಗೋಡೆಯ ಭಾರಕ್ಕೆ ಮಣ್ಣು ಒಂದಿಷ್ಟು ಅದುಮಿಕೊಂಡಿರುತ್ತದೆ. ಶೆಡ್ಡು ಹಗುರ, ಅದರ ನೆಲ ಇನ್ನೂ ಹಗುರ. ಹಾಗಾಗಿ ಉಬ್ಬು ಮೊದಲು ಎತ್ತುವುದು ಅದನ್ನೇ.

ಉಬ್ಬದ ಮಣ್ಣನ್ನು ಎರೆಯ ಮೇಲೆ ದಪ್ಪಗೆ ಹಾಸಿದರೆ ಕೆಳಗಿನ ಉಬ್ಬು ತಗ್ಗುತ್ತದೆ ಎಂದು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ತೋರಿಸಿಕೊಟ್ಟರು. ಕಾಲುವೆ ಕಟ್ಟುವವರು ಈ ಪದರನ್ನು ಸುಮಾರು ಒಂದು ಮೀಟರ್ ಹಾಕುತ್ತಾರೆ. ಮನೆಯ ಶೆಡ್ಡಿಗೆ ಅಷ್ಟು ಆಗದಿದ್ದರೂ ಎರಡು ಅಡಿ ಎರೆ ತೆಗೆಸಿ ಮುರುಮು ತುಂಬಿಸಿ, ಪದರಕ್ಕೊಮ್ಮೆ ನೀರು ಹಾಕಿ ಧಮ್ಮಸು ಮಾಡಿಸಿ. ಶೆಡ್ಡಿನ ಸುತ್ತ ಮೂರಡಿ ಅಗಲದ ಇಳಿಜಾರು ಫರಸಿ ಹಾಸಿದರೆ ಮಳೆನೀರು ಬುಡಕ್ಕೆ ಇಳಿಯುವುದಿಲ್ಲ. ಅಲ್ಲಿ ಫರಸಿ ಅದರ ಸರಿಯಾದ ಜಾಗದಲ್ಲಿರುತ್ತದೆ.

ತಪ್ಪು ಕಲ್ಪನೆ: ಸಿಮೆಂಟ್ ಜಾಸ್ತಿ ಹಾಕಿದಷ್ಟೂ ಕಾಂಕ್ರೀಟ್ ಗಟ್ಟಿ.

ವಾಸ್ತವ: ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳ ನಡುವೆ ಬದುಕುವ ನಮಗೇ ಈ ಭ್ರಮೆ ಇರುವುದು ಬೇಸರದ ಮಾತು. ಸಿಮೆಂಟ್ ಹೆಚ್ಚಾದರೆ ಕಾಂಕ್ರೀಟ್ ಹೆಚ್ಚು ಕಾವೇರಿ, ಹೆಚ್ಚು ಕುಗ್ಗಿ ಬಿರುಕು ಬಿಡುತ್ತದೆ. ಚೀಲದ ಮೇಲಿನ 53 ಎಂಬುದು 28 ದಿನಕ್ಕೆ ಆ ಸಿಮೆಂಟಿನ ಗಾರೆ ತಾಳಬೇಕಾದ ಒತ್ತಡದ ಅಂಕಿ ಅಷ್ಟೇ. ನೆಲವನ್ನು ಕೆಡಿಸುವುದು ಕಲಸುವಾಗ ಸುರಿಯುವ ಹೆಚ್ಚಿನ ನೀರು, ಆಮೇಲೆ ಉಣಿಸದ ನೀರು. ಒಣ ಬಿಸಿಲಿನಲ್ಲಿ ಕನಿಷ್ಠ 10 ದಿನ, ಪಿಪಿಸಿ ಬಳಸಿದರೆ 14 ದಿನ ಕ್ಯೂರಿಂಗ್ ಮಾಡಬೇಕೆನ್ನುತ್ತದೆ ಐಎಸ್ 456. ಹಸಿ ಗೋಣಿಚೀಲ ಹೊದಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹಾಕಿ. ಎಪ್ರಿಲ್, ಮೇಯಲ್ಲಿ ನೆಲ ಹಾಕಿಸಲೇಬೇಕಾದರೆ ಇಳಿಹೊತ್ತಿನಲ್ಲಿ ಹಾಕಿಸಿ.

ತಪ್ಪು ಕಲ್ಪನೆ: ಕಾರು ಹಿಡಿಸಿದರೆ ಜಾಗ ಸಾಕು.

ವಾಸ್ತವ: ಬಾಗಿಲು ಪೂರ್ತಿ ತೆರೆಯಬೇಕು, ಬಿಚ್ಚಿದ ಎಂಜಿನ್ ಎಲ್ಲಾದರೂ ಇರಬೇಕು. 14 ಅಡಿ ಅಗಲ, 22 ಅಡಿ ಉದ್ದಕ್ಕಿಂತ ಕಡಿಮೆ ಬೇಡ. ಪಾಯ ತೆಗೆಯುವ ಮೊದಲು ಪುರಸಭೆ, ನಗರಸಭೆ ಅಥವಾ ಪಂಚಾಯಿತಿಯಲ್ಲಿ ಪರವಾನಗಿ ಕೇಳಿಬಿಡಿ.

ತಪ್ಪು ಕಲ್ಪನೆ: ಲಿಫ್ಟ್ ದುಬಾರಿ, ಗುಂಡಿ ತೋಡಿದರೆ ಆಯಿತು.

ವಾಸ್ತವ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದರೆ ಗುಂಡಿಯ ತಳ ಸೇರಿ ಕಾಣದಂತೆ ಕೂತಿರುತ್ತದೆ. ಎಲ್‌ಪಿಜಿಯೂ ಹಾಗೇ. ಕೈದೀಪದ ಒಂದು ಕಿಡಿ ಸಾಕು. ಎರೆಯಲ್ಲಿ ತೋಡಿದರೆ ಉಬ್ಬಿದ ಮಣ್ಣು ಇಟ್ಟಿಗೆ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಶಹಾಬಾದ್ ಕಡೆ ಕಲ್ಲು ಒಡೆದು ಗುಂಡಿ ಮಾಡಿದರೆ ಪದರಗಳ ಸಂದಿನಿಂದ ಮಳೆಗಾಲದ ನೀರು ಜಿನುಗಿ ಬಾವಿಯಾಗುತ್ತದೆ. ಗಟ್ಟಿ ನೆಲದ ಮೇಲೆ ಕಬ್ಬಿಣದ ರ‍್ಯಾಂಪ್ ಒಂದು ಜೊತೆ, ಒಳ್ಳೆಯ ಸ್ಟ್ಯಾಂಡ್ ನಾಲ್ಕು ಇದ್ದರೆ ಮನೆಯ ಕೆಲಸಕ್ಕೆ ಸಾಕು.

ತಪ್ಪು ಕಲ್ಪನೆ: ಮೇಲೆ ಪತ್ರಾ ಹೊದಿಸಿದರೆ ಮುಗಿಯಿತು.

ವಾಸ್ತವ: ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಬರೀ ಪತ್ರಾದ ಕೆಳಗೆ ಮಧ್ಯಾಹ್ನ ಪಾನಾ ಮುಟ್ಟಲಾಗುವುದಿಲ್ಲ. ಬಣ್ಣ ಹೊಡೆದರೆ ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ನಮ್ಮ ಹಿರಿಯರು ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ ಕಟ್ಟಿದ್ದು ಸುಮ್ಮನೆ ಅಲ್ಲ. ಪಡುವಣ ಗೋಡೆಯನ್ನಾದರೂ ಕಲ್ಲಿನಲ್ಲಿ ಕಟ್ಟಿಸಿ, ದೊಡ್ಡ ಬಾಗಿಲನ್ನು ಬಡಗಣಕ್ಕೋ ಮೂಡಣಕ್ಕೋ ಇಡಿಸಿ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಸಂದು ಬಿಡಿಸಿ. ಪತ್ರಾಕ್ಕೆ ಬಿಳಿ ಬಣ್ಣ ಬಳಿದರೂ ಎಷ್ಟೋ ಹಿತ.

ತಪ್ಪು ಕಲ್ಪನೆ: ಅರ್ಥಿಂಗ್ ಎಲ್ಲ ಕಡೆ ಒಂದೇ.

ವಾಸ್ತವ: ಹಾಸುಗಲ್ಲು ಕರೆಂಟನ್ನು ಸುಲಭವಾಗಿ ನೆಲಕ್ಕೆ ಬಿಡುವುದಿಲ್ಲ. ಕಲ್ಲಿನ ಮೇಲೆ ಎರಡಡಿ ಮಣ್ಣಿರುವ ಜಾಗದಲ್ಲಿ ನೆಟ್ಟ ಪೈಪು ಬೇಸಿಗೆಯಲ್ಲಿ ಹೆಸರಿಗಷ್ಟೇ ಅರ್ಥಿಂಗ್. ಕಂಪ್ರೆಸರ್, ವೆಲ್ಡಿಂಗ್ ಮಷಿನ್ ಇಡುವವರು ಮಣ್ಣು ಆಳವಿರುವ ಮೂಲೆ ಹುಡುಕಿ ಗುಂಡಿ ಮಾಡಿಸಿ, ಅರ್ಥಿಂಗ್ ಅಳೆಸಿ ನೋಡಲಿ. ಜೊತೆಗೆ 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ ಕೂರಿಸಲಿ. ಮೀಟರಿನ ಲೋಡ್ ಸಾಲದಿದ್ದರೆ ಜೆಸ್ಕಾಂಗೆ ಅರ್ಜಿ ಹಾಕಬೇಕು.

ತಪ್ಪು ಕಲ್ಪನೆ: ಬಳಸಿದ ಎಂಜಿನ್ ಆಯಿಲನ್ನು ಗೋಡೆಯ ಬುಡಕ್ಕೆ ಸುರಿದರೆ ಗೆದ್ದಲು ಬರುವುದಿಲ್ಲ.

ವಾಸ್ತವ: ಗೆದ್ದಲು ಪಕ್ಕದಿಂದ ಸುತ್ತಿ ಬರುತ್ತದೆ, ಆಯಿಲ್ ಮಾತ್ರ ಕೆಳಗಿಳಿಯುತ್ತದೆ. ಎಂಜಿನ್ ಸವೆದ ಲೋಹದ ಪುಡಿ, ಸುಟ್ಟ ಎಣ್ಣೆಯ ವಿಷ ಎರಡೂ ಅದರಲ್ಲಿರುತ್ತವೆ. ಸುಣ್ಣಕಲ್ಲಿನ ಬಿರುಕಿನಲ್ಲಿ ಅದು ಮಣ್ಣಿನಲ್ಲಿ ಸೋಸಿದಂತೆ ಸೋಸುವುದಿಲ್ಲ, ನೇರ ದಾರಿ ಹಿಡಿಯುತ್ತದೆ. ಓಣಿಯವರು ಕುಡಿಯುವ ಬೋರಿನ ನೀರು ಬರುವುದೂ ಅದೇ ಬಿರುಕುಗಳಿಂದ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲನ್ನು ಅಪಾಯಕಾರಿ ಎಂದೇ ಎಣಿಸುತ್ತವೆ. ಅಣ್ಣ ಈಗ ಅದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮೇಲೆ ಸುಣ್ಣದಿಂದ ಗುರುತು ಹಾಕಿ, ಮೂಲೆಯಲ್ಲಿಡುತ್ತಾನೆ. ಕ್ಯಾನು ತುಂಬಿದಾಗ, ಹಳೆ ಆಯಿಲನ್ನು ಮರುಬಳಕೆಯವರಿಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಟ್ಟು ಬರುತ್ತಾನೆ.