ಒಡೆದ ಮೊಟ್ಟೆ, ಉರಿದ ಮೂಗು, ಮಾತಾಡಿದ ಕುದುರೆ!

ಟಿ.ವಿ. ಮುಂದೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಗುವ ಗೆಳೆಯರೇ, ಒಂದು ಗುಟ್ಟು ಹೇಳ್ತೀವಿ ಕೇಳಿ. ನೀವು ನಗೋದು ನಟನನ್ನು ನೋಡಿ. ಆದರೆ ಆ ನಗೆಯಲ್ಲಿ ಅರ್ಧ ಪಾಲು ತೆರೆಯ ಮೇಲೆ ಮುಖ ತೋರಿಸದ ಒಬ್ಬನಿಗೆ ಸೇರಬೇಕು. ಅವನೇ ಪ್ರಾಪರ್ಟಿ ನೋಡಿಕೊಳ್ಳುವವನು! ತಟ್ಟೆ, ಲೋಟ, ಬಾಟಲಿ, ಕುರ್ಚಿ, ಕೊನೆಗೆ ಕೋಳಿಮೊಟ್ಟೆ ಕೂಡ ಅವನ ಉಸ್ತುವಾರಿ. ಅವನ ಲೆಕ್ಕ ತಪ್ಪಿದರೆ ನಗೆ ಹೋಗುತ್ತೆ. ಕೆಲವು ಸಲ ನಟನ ಮೈಯೇ ಸುಡುತ್ತೆ!

ಮೊಟ್ಟೆ ಒಡೆದ ನಿಮಿಷ

ಅಮೆರಿಕದಲ್ಲಿ ೧೯೫೧ರಿಂದ ೧೯೫೭ರವರೆಗೆ ‘ಐ ಲವ್ ಲೂಸಿ’ ಎಂಬ ನಗೆ ಧಾರಾವಾಹಿ ಬಂತು. ನಾಯಕಿ ಲೂಸಿಲ್ ಬಾಲ್. ನಾಯಕ ಆಕೆಯ ನಿಜಜೀವನದ ಪತಿ ದೇಸಿ ಅರ್ನಾಜ್. ಸ್ಟುಡಿಯೋದೊಳಗೇ ಪ್ರೇಕ್ಷಕರನ್ನು ಕೂರಿಸಿ, ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿ ಚಿತ್ರೀಕರಣ. ಕ್ಯಾಮೆರಾ ಹೊಣೆ ಹೊತ್ತವರು ಯಾರು ಗೊತ್ತೇ? ೧೯೨೭ರ ಜರ್ಮನ್ ಚಿತ್ರ ‘ಮೆಟ್ರೊಪೊಲಿಸ್’ಗೆ ದುಡಿದ ಕಾರ್ಲ್ ಫ್ರಾಯಿಂಡ್!

ಪ್ರೇಕ್ಷಕರು ಎದುರಿಗೇ ಇದ್ದರೆ ಒಂದು ಪೇಚು ಇದೆ. ಅದೇ ತಮಾಷೆಗೆ ಜನ ಎರಡನೇ ಸಲ ಅಷ್ಟು ಜೋರಾಗಿ ನಗೋದಿಲ್ಲ. ಹಾಗಾಗಿ ಟ್ರಿಕ್ ಮೊದಲ ಟೇಕಿನಲ್ಲೇ ಕೂಡಿಬರಬೇಕು.

೧೯೫೭ರ ಒಂದು ಕಂತು. ಲೂಸಿ ಗಂಡನಿಗೆ ಗೊತ್ತಾಗದ ಹಾಗೆ ಮೊಟ್ಟೆಗಳನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದಾಳೆ. ಆ ಪುಣ್ಯಾತ್ಮ ಬಂದು ‘ಟ್ಯಾಂಗೋ ಡ್ಯಾನ್ಸ್ ಪ್ರಾಕ್ಟೀಸ್ ಮಾಡೋಣ ಬಾ’ ಅಂತಾನೆ! ಕುಣಿತದ ಕೊನೆಗೆ ಎದೆಗೆ ಎದೆ ಢಿಕ್ಕಿ... ಪಚಕ್! ರಿಹರ್ಸಲ್‌ನಲ್ಲಿ ಹಸಿ ಮೊಟ್ಟೆ ಮುಟ್ಟಿರಲೇ ಇಲ್ಲ. ಮೈಮೇಲೆ ಲೋಳೆ ಇಳಿದಾಗ ಲೂಸಿಯ ಮುಖದಲ್ಲಿ ಬಂದ ಸಂಕಟ ಹಾಗಾಗಿ ಹೊಚ್ಚ ಹೊಸದು. ಪ್ರೇಕ್ಷಕರು ೬೫ ಸೆಕೆಂಡು ನಕ್ಕರು. ಆ ಧಾರಾವಾಹಿಯ ಅತಿ ಉದ್ದದ ನಗೆ ಅದೇ ಅಂತಾರೆ.

ಮೂಗಿಗೆ ಬೆಂಕಿ

೧೯೫೫ರ ಇನ್ನೊಂದು ಕಂತಿನಲ್ಲಿ ಅತಿಥಿ ಹಾಲಿವುಡ್ ತಾರೆ ವಿಲಿಯಂ ಹೋಲ್ಡನ್. ಅವನಿಗೆ ಗುರುತು ಸಿಗದಿರಲಿ ಅಂತ ಲೂಸಿ ಮೇಣದಂಥ ಮೆತ್ತನೆ ವಸ್ತುವಿನ ನಕಲಿ ಮೂಗು ಅಂಟಿಸಿಕೊಂಡಿದ್ದಾಳೆ. ಹೋಲ್ಡನ್ ಸಿಗರೇಟು ಹಚ್ಚಲು ಲೈಟರ್ ಹಿಡಿದರೆ ಮೂಗಿಗೇ ಬೆಂಕಿ! ಲೂಸಿ ಮೂಗನ್ನು ಕಾಫಿ ಕಪ್ಪಿಗೆ ಅದ್ದಿ ಚುಂಯ್ ಅನ್ನಿಸುತ್ತಾಳೆ. ಗುಟ್ಟು ಇಷ್ಟೇ: ನಕಲಿ ಮೂಗಿನ ತುದಿಯಲ್ಲಿ ಮೇಣದಬತ್ತಿಯ ಬತ್ತಿ ಹುದುಗಿಸಿದ್ದರು. ಉರಿದದ್ದು ಬತ್ತಿ, ಮೂಗಲ್ಲ. ಆದರೂ ಕಣ್ಣೆದುರಿಗೆ ಜ್ವಾಲೆ ಇಟ್ಟುಕೊಂಡು ತಮಾಷೆ ಮಾಡೋಕೆ ಗುಂಡಿಗೆ ಬೇಕು ಸ್ವಾಮಿ!

ಮೂಗಾಡಿಸಿದರೆ ಮಾಯ!

ಆ ಕಂತನ್ನು ನಿರ್ದೇಶಿಸಿದ ವಿಲಿಯಂ ಆಷರ್ ಆಮೇಲೆ ‘ಬಿವಿಚ್ಡ್’ (೧೯೬೪–೭೨) ಕಡೆ ಬಂದರು. ಎಲಿಜಬೆತ್ ಮಾಂಟ್‌ಗೊಮರಿ ಅದರಲ್ಲಿ ಮಾಟಗಾತಿ ಗೃಹಿಣಿ. ಮೂಗು ಆಡಿಸಿದರೆ ಸಾಕು, ಊಟ ಮೇಜಿನ ಮೇಲೆ ಹಾಜರ್! ಹೇಗೆ ಅಂತೀರಾ? ಕ್ಯಾಮೆರಾ ಒಂದಿಂಚೂ ಅಲುಗದ ಹಾಗೆ ಬಿಗಿದಿರುತ್ತಾರೆ. ‘ಕಟ್!’ ಅಂದ ಕೂಡಲೇ ನಟರೆಲ್ಲ ಕಲ್ಲಿನ ಗೊಂಬೆ. ಎತ್ತಿದ ಕೈ ಎತ್ತಿದ ಹಾಗೇ. ಕೆಲಸದವರು ಓಡಿಬಂದು ಪಾತ್ರೆ ಜೋಡಿಸಿ ಓಡಿಹೋಗಬೇಕು. ಮತ್ತೆ ಕ್ಯಾಮೆರಾ ಚಾಲೂ. ನಡುವಿನ ತುಂಡನ್ನು ಎಡಿಟರ್ ಕತ್ತರಿಸಿ ಬಿಸಾಡುತ್ತಾನೆ. ಯಾರದಾದರೂ ತಲೆ ಸ್ವಲ್ಪ ವಾಲಿದರೂ ತೆರೆಯ ಮೇಲೆ ಚಿತ್ರ ಜಿಗಿಯುತ್ತೆ, ಮೋಸ ಬಯಲು!

ಇದು ಹೊಸ ವಿದ್ಯೆ ಏನಲ್ಲ. ಫ್ರಾನ್ಸಿನ ಜಾರ್ಜ್ ಮೆಲಿಯೆ ೧೮೯೬ರಲ್ಲೇ ಹೀಗೆ ಒಬ್ಬ ಹೆಂಗಸನ್ನು ಮಾಯ ಮಾಡಿ ತೋರಿಸಿದ್ದ. ನಮ್ಮ ಪೌರಾಣಿಕ ಚಿತ್ರಗಳಲ್ಲಿ ನಾರದರು ಥಟ್ಟನೆ ಪ್ರತ್ಯಕ್ಷವಾಗೋದೂ ಇದೇ ಉಪಾಯದಿಂದ. ಗಾಳಿಯಲ್ಲಿ ತೇಲುವ ವಸ್ತುವಿಗೆ ಮಾತ್ರ ಸಣ್ಣ ತಂತಿ ಬೇಕು. ಹಿಂದಿನ ಗೋಡೆಯ ಬಣ್ಣವನ್ನೇ ತಂತಿಗೂ ಬಳಿದರೆ ಕಣ್ಣಿಗೆ ಬೀಳೋದಿಲ್ಲ.

‘ಐ ಡ್ರೀಮ್ ಆಫ್ ಜೀನಿ’ (೧೯೬೫–೭೦) ನೋಡಿದವರಿಗೆ ಬಾರ್ಬರಾ ಈಡನ್ ವಾಸಿಸುವ ಬಾಟಲಿ ನೆನಪಿರಬೇಕಲ್ಲ? ಅದು ಅರಬ್ ದೇಶದ್ದಲ್ಲ ಮಾರಾಯ್ರೇ. ೧೯೬೪ರಲ್ಲಿ ಜಿಮ್ ಬೀಮ್ ಕಂಪನಿ ವಿಸ್ಕಿ ತುಂಬಿ ಮಾರಿದ ಬಾಟಲಿ! ಅದಕ್ಕೆ ಬಣ್ಣ ಬಳಿದರು, ಜೀನಿಯ ಅರಮನೆ ಆಯಿತು.

ಕುದುರೆಯ ತುಟಿಗೆ ದಾರ

‘ಮಿಸ್ಟರ್ ಎಡ್’ (೧೯೬೧–೬೬) ಧಾರಾವಾಹಿಯಲ್ಲಿ ಕುದುರೆಯೇ ಹೀರೋ. ಎಡ್ ಮಾತಾಡ್ತಾನೆ! ತುಟಿಗೆ ಕಡಲೆಕಾಯಿ ಬೆಣ್ಣೆ ಹಚ್ಚಿ ಚಪ್ಪರಿಸುವ ಹಾಗೆ ಮಾಡ್ತಿದ್ದರು ಅಂತ ಲೋಕವೆಲ್ಲ ನಂಬಿತ್ತು. ಸಹನಟ ಅಲನ್ ಯಂಗ್ ಕೊನೆಗೆ ಬಾಯಿಬಿಟ್ಟರು: ಆ ಕಥೆ ಕಟ್ಟಿದ್ದು ತಾವೇ ಅಂತ! ತರಬೇತುದಾರ ಲೆಸ್ ಹಿಲ್ಟನ್ ಕುದುರೆಯ ಮೇಲ್ದುಟಿಯ ಕೆಳಗೆ ನೈಲಾನ್ ದಾರ ಇಡುತ್ತಿದ್ದರು. ಅದನ್ನು ಉದುರಿಸಲು ಎಡ್ ತುಟಿ ಆಡಿಸುತ್ತಿದ್ದ. ಬರಬರುತ್ತಾ ಜಾಣ ಕುದುರೆ ದಾರವಿಲ್ಲದೆಯೂ ಸನ್ನೆ ಕಲಿತುಬಿಟ್ಟ.

ನಗೆಯ ಹಿಂದೆ ನೋವು

ಬ್ರಿಟನ್ನಿನ ‘ಫಾಲ್ಟಿ ಟವರ್ಸ್’ ಬರೀ ೧೨ ಕಂತು. ೧೯೭೫ರಲ್ಲಿ ೬, ೧೯೭೯ರಲ್ಲಿ ೬. ಒಂದು ಕಂತಿನಲ್ಲಿ ಹೋಟೆಲ್ ಮಾಲೀಕ ಜಾನ್ ಕ್ಲೀಸ್ ಕೆಟ್ಟು ನಿಂತ ಕಾರಿಗೆ ಮರದ ಕೊಂಬೆಯಿಂದ ರಪರಪ ಬಾರಿಸುತ್ತಾನೆ. ಆ ಕೊಂಬೆಯನ್ನೂ ಪರೀಕ್ಷೆ ಮಾಡಿ ಆರಿಸಿದ್ದರು! ಗಟ್ಟಿ ಕೊಂಬೆ ಬಾಗೋಲ್ಲ, ನಗೆ ಬರೋಲ್ಲ. ತೀರಾ ಬಳುಕಿದರೆ ಏಟಿಗೆ ದಮ್ಮಿಲ್ಲ.

ಅದೇ ೧೯೭೫ರಲ್ಲಿ ಕ್ಲೀಸ್ ಸಹನಟ ಆಂಡ್ರೂ ಸ್ಯಾಕ್ಸ್ ತಲೆಗೆ ಪಾತ್ರೆಯಿಂದ ಹೊಡೆಯುವ ದೃಶ್ಯ ಬಂತು. ಕೈಗೆ ಬಂದದ್ದು ಮೆತ್ತನೆಯದಲ್ಲ, ಅಸಲಿ ಲೋಹದ್ದು! ಪಾಪ, ಸ್ಯಾಕ್ಸ್ ತಲೆ ಗಿರ್ರೆಂದಿತು. ಇನ್ನೊಂದು ಕಂತಿನಲ್ಲಿ ಅವರ ಕೋಟಿನಿಂದ ಹೊಗೆ ಬರಲೆಂದು ರಾಸಾಯನಿಕ ಹಚ್ಚಿದರು. ಅದು ಬಟ್ಟೆಯೊಳಗೆ ಇಳಿದು ಚರ್ಮ ಸುಟ್ಟಿತು.

ಲೂಸಿಲ್ ಬಾಲ್ ಕಥೆ ಇನ್ನೂ ಭಯಂಕರ. ೧೯೬೩ರ ‘ದಿ ಲೂಸಿ ಶೋ’. ನೀರು ತುಂಬಿದ ಗಾಜಿನ ಸ್ನಾನದ ಕೋಣೆಯಲ್ಲಿ ಲೂಸಿ, ಗೆಳತಿ ವಿವಿಯನ್ ವಾನ್ಸ್. ಕೆಳಗೆ ಮುಳುಗಿದ ಲೂಸಿಗೆ ಮೇಲೇಳಲು ಆಗಲಿಲ್ಲ. ಉಸಿರು ಕಟ್ಟುತ್ತಿದೆ. ಇದೂ ನಟನೆ ಅಂತ ಜನ ನಗುತ್ತಲೇ ಇದ್ದಾರೆ! ವಿವಿಯನ್‌ಗೆ ಮಾತ್ರ ಅರ್ಥವಾಯಿತು. ಕೂದಲು ಹಿಡಿದು ಗೆಳತಿಯನ್ನು ಮೇಲೆಳೆದಳು. ಪಾತ್ರ ಬಿಡದೆ ಡೈಲಾಗನ್ನೂ ತಾನೇ ಮುಂದುವರಿಸಿದಳು. ಎಂಥ ಗಟ್ಟಿಗಿತ್ತಿ!

ಮುಂದಿನ ಸಲ ತೆರೆಯ ಮೇಲೆ ತಲೆಗೆ ಬಾಟಲಿ ಒಡೆದರೆ ಗಮನವಿಟ್ಟು ನೋಡಿ. ಹಿಂದೆಲ್ಲ ಅದು ಸಕ್ಕರೆ ಪಾಕ ಕಾಯಿಸಿ ಎರಕ ಹೊಯ್ದ ಗಾಜು, ಆಮೇಲೆ ಪ್ಲಾಸ್ಟಿಕ್ಕಿನಂಥ ರಾಳದ್ದು. ಪುಡಿಯಾಗುವ ಕುರ್ಚಿ ಹಗುರವಾದ ಬಾಲ್ಸಾ ಮರದ್ದು. ಮನೆಯಲ್ಲಿ ಮಾತ್ರ ಗೆಳೆಯನ ತಲೆಯ ಮೇಲೆ ಸೋಡಾ ಬಾಟಲಿ ಪ್ರಯೋಗ ಬೇಡ ತಮ್ಮಾ... ಅದು ಅಸಲಿ ಗಾಜು, ಅಲ್ಲಿ ಎರಡನೇ ಟೇಕೂ ಇರೋದಿಲ್ಲ!