ಕುಂಗ್‌ಫು: ಒಬ್ಬನೇ ಕಲಿಯಲಾಗದ ವಿದ್ಯೆ

ಕುಂಗ್‌ಫು ಎಂಬ ಹೆಸರು ಕಿವಿಗೆ ಬಿದ್ದೊಡನೆ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದು ಸಿನಿಮಾ ದೃಶ್ಯ. ಒಬ್ಬ ವೀರ, ಅವನ ಸುತ್ತ ಹತ್ತಾರು ಶತ್ರುಗಳು. ಅವನು ಗಾಳಿಯಲ್ಲಿ ತಿರುಗುತ್ತಾನೆ, ಅವರು ತರಗೆಲೆಯಂತೆ ಉದುರುತ್ತಾರೆ. 1973ರಲ್ಲಿ ಬ್ರೂಸ್ ಲೀ ಅಭಿನಯದ 'ಎಂಟರ್ ದಿ ಡ್ರ್ಯಾಗನ್' ತೆರೆಕಂಡ ಮೇಲೆ ಈ ಚಿತ್ರ ಲೋಕದ ಮನಸ್ಸಿನಲ್ಲಿ ಅಚ್ಚೊತ್ತಿತು. ಅದು ಬಿಡುಗಡೆಯಾಗುವ ಹೊತ್ತಿಗೆ ನಾಯಕನಟ ಬದುಕಿರಲಿಲ್ಲ. ಅದೇ ವರ್ಷ ಜುಲೈ ತಿಂಗಳಲ್ಲಿ, ಇನ್ನೂ 32ರ ಪ್ರಾಯದಲ್ಲಿ, ಅವರು ತೀರಿಕೊಂಡಿದ್ದರು. ಆ ಚಿತ್ರವನ್ನು ಮೆಚ್ಚಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿ ವೀರನು ಒಂಟಿ. ಕಲಿಯುವ ಜಾಗದಲ್ಲಿ ಕುಂಗ್‌ಫು ಎಂದೂ ಒಂಟಿಯಲ್ಲ.

ಮೊದಲು ಹೆಸರಿನ ವಿಚಾರ ನೋಡೋಣ. ಚೀನೀ ಭಾಷೆಯಲ್ಲಿ ಈ ಪದಕ್ಕೆ ಮೂಲತಃ ಕಾದಾಟ ಎಂಬ ಅರ್ಥವಿಲ್ಲ. ಬಹುಕಾಲ ಶ್ರಮಪಟ್ಟು ಕೈಗೂಡಿಸಿಕೊಂಡ ಪರಿಣತಿಗೆ ಆ ಹೆಸರು. ಅಡಿಗೆಯವನ ಕೈಗುಣಕ್ಕೂ ಅಕ್ಷರ ಬರೆಯುವವನ ಕುಂಚದ ಹದಕ್ಕೂ ಅವರು ಅದೇ ಮಾತನ್ನು ಬಳಸಬಲ್ಲರು. ಕಾದಾಟದ ವಿದ್ಯೆಗೆ ಅವರಲ್ಲಿ ಬೇರೆಯೇ ಹೆಸರಿದೆ: 'ವುಶು'. ಏಷ್ಯನ್ ಕ್ರೀಡಾಕೂಟದಲ್ಲಿ 1990ರಿಂದ ಸ್ಪರ್ಧೆ ನಡೆಯುತ್ತಿರುವುದು ಈ ಹೆಸರಿನಲ್ಲಿಯೇ. ನಮ್ಮ 'ಸಾಧಕ' ಎಂಬ ಮಾತನ್ನು ನೆನೆದರೆ ಕುಂಗ್‌ಫು ಪದದ ಭಾವ ನಿಮಗೆ ಹತ್ತಿರವಾದೀತು.

ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರದ ಆಚೆ, ಎಂ.ಎಸ್. ಪಾಳ್ಯದ ಬಳಿ ಸಿಂಗಾಪುರ ಎಂಬ ಊರಿದೆ. ಹೆಸರು ಕೇಳಿ ಕಡಲಾಚೆಯ ಸಿಂಗಾಪುರವನ್ನು ನೆನೆಯಬೇಡಿ. ಅಲ್ಲಿಗೂ ಹೋಗೋಣ, ಸ್ವಲ್ಪ ತಡೆಯಿರಿ. ನಮ್ಮ ಈ ಸಿಂಗಾಪುರ ಕೆರೆಯುಳ್ಳ ಹಳ್ಳಿಯಾಗಿತ್ತು. ಹತ್ತಿರದ ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬಂದವು. ವಾಯುಪಡೆಯ ನೆಲೆಯೂ ಅಲ್ಲಿದೆ. ಕೆಲಸಕ್ಕೆಂದು ನಾನಾ ಕಡೆಯಿಂದ ಜನ ಬಂದರು, ಬಡಾವಣೆಗಳು ಬೆಳೆದವು, ಹಳ್ಳಿ ನಗರದೊಳಗೆ ಸೇರಿತು. ಇಂಥ ಬಡಾವಣೆಯ ಬೀದಿಯಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು, ಎದುರಿಗೆ ಮಲಯಾಳ ಅಥವಾ ಹಿಂದಿ ಕೇಳಿಸುವುದು ಸಾಮಾನ್ಯ. ಒಂದೇ ಬೀದಿಯಲ್ಲಿ ಹತ್ತು ವರ್ಷ ಇದ್ದೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದಿರುವುದೂ ಅಷ್ಟೇ ಸಾಮಾನ್ಯ. ಇಲ್ಲಿ ಸಂಜೆ ಹೊತ್ತು ಶಾಲೆಯ ಅಂಗಳದಲ್ಲೋ ಉದ್ಯಾನದ ಮೂಲೆಯಲ್ಲೋ ಮನೆಯ ತಾರಸಿಯ ಮೇಲೋ ಇಪ್ಪತ್ತು ಮಂದಿ ಹುಡುಗ ಹುಡುಗಿಯರು ಸಾಲಾಗಿ ನಿಂತು ಅಭ್ಯಾಸ ಮಾಡಿದರೆ, ಆ ಮಕ್ಕಳಿಗೂ ಆ ಬೀದಿಗೂ ಏನಾಗುತ್ತದೆ? ಈ ಲೇಖನದ ವಿಷಯ ಅದು.

ಮೊದಲ ದಿನ ನಿಮಗೆ ಯಾರೂ ಹೊಡೆಯಲು ಕಲಿಸುವುದಿಲ್ಲ. ನಿಲ್ಲಲು ಕಲಿಸುತ್ತಾರೆ. 'ಮಾ ಬು' ಎಂಬ ನಿಲುವಿನಿಂದ ಆರಂಭ. ಕುದುರೆ ಸವಾರನ ನಿಲುವು ಎಂದು ಅದರ ಅರ್ಥ. ಕಾಲುಗಳನ್ನು ಭುಜಗಳಿಗಿಂತ ಅಗಲಕ್ಕೆ ಇಟ್ಟು, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿರಿಸಿ, ಕಾಣದ ಕುದುರೆಯ ಮೇಲೆ ಕುಳಿತಂತೆ ನಿಲ್ಲಬೇಕು. ಅರ್ಧ ನಿಮಿಷಕ್ಕೆ ತೊಡೆ ಉರಿಯತೊಡಗುತ್ತದೆ, ಒಂದು ನಿಮಿಷಕ್ಕೆ ನಡುಗುತ್ತದೆ. ಹೀಗೇಕೆ? ನಡೆಯುವಾಗ ತೊಡೆಯ ಸ್ನಾಯು ಒಮ್ಮೆ ಬಿಗಿದು ಒಮ್ಮೆ ಸಡಿಲಗೊಳ್ಳುತ್ತದೆ. ಸಡಿಲವಾದಾಗ ಹೊಸ ರಕ್ತ ಹರಿದು ಬರುತ್ತದೆ. ಕುದುರೆ ನಿಲುವಿನಲ್ಲಿ ಸ್ನಾಯು ಒಂದೇ ಸಮನೆ ಬಿಗಿದಿರುವುದರಿಂದ ರಕ್ತದ ಹರಿವು ಕುಗ್ಗುತ್ತದೆ, ದಣಿವು ಬೇಗ ಬರುತ್ತದೆ. ವಾರಗಳು ಕಳೆದಂತೆ ಸ್ನಾಯು ಬಲಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇಕಾದ ಸ್ನಾಯುವನ್ನಷ್ಟೇ ಬಿಗಿದು ಉಳಿದವನ್ನು ಸಡಿಲ ಬಿಡುವುದನ್ನು ನರಮಂಡಲ ಕಲಿಯುತ್ತದೆ. ಹೊಸಬನು ನಿಂತಾಗ ತೊಡೆಯ ಜೊತೆಗೆ ಹಲ್ಲು, ಹೆಗಲು, ಹುಬ್ಬು ಎಲ್ಲವನ್ನೂ ಬಿಗಿಯುತ್ತಾನೆ. ಪಳಗಿದವನ ಮುಖ ನೋಡಿ, ಬಸ್ಸಿಗೆ ಕಾದು ನಿಂತವನಂತೆ ಇರುತ್ತದೆ!

ನಿಲುವಿನ ಬಳಿಕ ವರಸೆಗಳು. ಸಂಗೀತ ಕಲಿಯುವ ಮಕ್ಕಳಿಗೆ ಸರಳೆ ವರಸೆ, ಜಂಟಿ ವರಸೆ ಗೊತ್ತು. ಕತ್ತಿ ವರಸೆ, ಕೋಲು ವರಸೆಯ ಹೆಸರನ್ನೂ ನೀವು ಕೇಳಿದ್ದೀರಿ. ಎರಡೂ ಕಡೆ ಒಂದೇ ಮಾತು ಬಳಕೆಯಲ್ಲಿರುವುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ನಿಶ್ಚಿತ ಕ್ರಮದಲ್ಲಿ ಜೋಡಿಸಿದ ಚಲನೆಗಳನ್ನು ನೂರಾರು ಸಲ ಮಾಡುತ್ತಾ ಹೋದರೆ, ಯೋಚಿಸಿ ಮಾಡುತ್ತಿದ್ದುದು ಯೋಚಿಸದೆ ಬರತೊಡಗುತ್ತದೆ. ಇದರಲ್ಲಿ ಕಿರಿಮೆದುಳಿನ ಪಾಲು ದೊಡ್ಡದು. ಸೈಕಲ್ ಕಲಿತ ಪ್ರತಿಯೊಬ್ಬರಿಗೂ ಇದರ ಅನುಭವವಿದೆ.

ಇಷ್ಟನ್ನು ಮನೆಯಲ್ಲಿ ಒಬ್ಬರೇ ದೂರವಾಣಿಯ ಪರದೆ ನೋಡಿಕೊಂಡು ಮಾಡಬಹುದಲ್ಲ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ನಿಮ್ಮ ಮಂಡಿ ಒಳಕ್ಕೆ ವಾಲಿದೆಯೆಂದು ಪರದೆ ಹೇಳುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ ಅದು ಕಾಣುತ್ತದೆ. ಇನ್ನೂ ಮುಂದೆ ಹೋದರೆ ಜೋಡಿ ಅಭ್ಯಾಸ ಬರುತ್ತದೆ. ಒಬ್ಬ ಮುಷ್ಟಿ ಬೀಸುತ್ತಾನೆ, ಇನ್ನೊಬ್ಬ ತಡೆಯುತ್ತಾನೆ. ಬೀಸುವವನು ಬಲವಿಲ್ಲದೆ ಬೀಸಿದರೆ ಎದುರಿನವನು ಏನೂ ಕಲಿಯಲಾರ. ಲೆಕ್ಕ ತಪ್ಪಿ ಬೀಸಿದರೆ ಅವನ ಮೂಗು ಮುರಿದೀತು. ಎದುರಿನವನ ಶಕ್ತಿಗೆ ತಕ್ಕಷ್ಟು, ಅದಕ್ಕಿಂತ ಒಂದು ಗುಂಜಿ ಹೆಚ್ಚು ಕೊಡಬೇಕು. ಅಂದರೆ ನಿಮ್ಮ ಬೆಳವಣಿಗೆ ಇನ್ನೊಬ್ಬನ ಕೈಯಲ್ಲಿದೆ, ಅವನದು ನಿಮ್ಮ ಕೈಯಲ್ಲಿ. ಪರೀಕ್ಷೆಯಲ್ಲಿ ಪಕ್ಕದವನ ಅಂಕ ಕಡಿಮೆಯಾದರೆ ನಮಗೆ ಲಾಭವೆಂದು ತಿಳಿದು ಬೆಳೆಯುವ ನಿಮ್ಮ ವಯಸ್ಸಿನವರಿಗೆ ಇದು ತೀರ ಬೇರೆಯ ಬಗೆಯ ಲೆಕ್ಕಾಚಾರ.

ಈ ಕಾರಣದಿಂದಲೇ ಕುಂಗ್‌ಫು ಶಾಲೆಗಳಲ್ಲಿ ಒಬ್ಬರನ್ನೊಬ್ಬರು ಕರೆಯುವ ಪದ್ಧತಿ ಮನೆಯಂತಿದೆ. ಗುರುವಿಗೆ 'ಶಿಫು' ಎನ್ನುತ್ತಾರೆ. ಆ ಪದವನ್ನು ಬರೆಯುವ ಒಂದು ರೀತಿಯಲ್ಲಿ ಗುರು, ತಂದೆ ಎಂಬ ಎರಡು ಅಕ್ಷರಗಳು ಸೇರಿವೆ. ಮೊದಲು ಸೇರಿದವನು ಅಣ್ಣ, ಸೇರಿದವಳು ಅಕ್ಕ. ನಂತರ ಬಂದವರು ತಮ್ಮ ತಂಗಿಯರು. ಇಲ್ಲಿ ಎಣಿಕೆಗೆ ಬರುವುದು ಸೇರಿದ ದಿನವೇ ಹೊರತು ಹುಟ್ಟಿದ ದಿನವಲ್ಲ. ಹೀಗಾಗಿ ಕಾಲೇಜು ಹುಡುಗನೊಬ್ಬ ಹೈಸ್ಕೂಲು ಹುಡುಗಿಯನ್ನು ಹಿರಿಯಳೆಂದು ಒಪ್ಪಿ, ಅವಳು ತಿದ್ದಿದಂತೆ ಕಾಲು ಸರಿಮಾಡಿಕೊಳ್ಳಬೇಕಾಗುತ್ತದೆ. ಆರಂಭದಲ್ಲಿ ಮುಜುಗರ. ಒಂದು ತಿಂಗಳಲ್ಲಿ ಅದು ಹೋಗುತ್ತದೆ.

ನಮ್ಮ ನಾಡಿಗೆ ಈ ವ್ಯವಸ್ಥೆ ಹೊಸತಲ್ಲ. ಹಳೆಯ ಮೈಸೂರು ಸೀಮೆಯ ಗರಡಿಮನೆಗಳನ್ನು ನೆನೆಯಿರಿ. (ಕರಾವಳಿಯ ಓದುಗರು ಬೇರೆ ತಿಳಿಯಬಾರದು; ನಿಮ್ಮಲ್ಲಿ ಗರಡಿ ಎಂದರೆ ಕೋಟಿ ಚೆನ್ನಯರ ಗುಡಿ, ನಾನು ಹೇಳುತ್ತಿರುವುದು ಕುಸ್ತಿಯ ಗರಡಿ.) ಅನೇಕ ಗರಡಿಗಳಿಗೆ ಬಾಗಿಲು ಗಿಡ್ಡ, ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಹೋಗಬೇಕು. ಒಳಗೆ ಆಂಜನೇಯನ ಪಟ, ಗದೆ, ಕಲ್ಲುಗುಂಡು, ನಡುವೆ ಎಣ್ಣೆ ಅರಿಸಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿ. ಆ ಮಟ್ಟಿಯನ್ನು ಅಗೆದು ಹದಗೊಳಿಸುವುದೇ ಒಂದು ಸಾಮು, ಅದನ್ನು ಸೇರಿದವರೇ ಮಾಡಬೇಕು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಆಹಾರ, ವ್ಯಾಯಾಮ, ಪಟ್ಟುಗಳ ವಿವರಗಳಿವೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. ಮೊದಲ ರಕ್ತದ ಹನಿ ಕಂಡೊಡನೆ ಅದನ್ನು ನಿಲ್ಲಿಸುತ್ತಾರೆ. ಬೆಂಗಳೂರಿನ ಪೇಟೆಯಲ್ಲಂತೂ ಗರಡಿಗೂ ಕರಗಕ್ಕೂ ನಂಟಿದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗದ ಸುತ್ತ ಬರಿಗತ್ತಿ ಹಿಡಿದು ಸಾಗುವ ವೀರಕುಮಾರರು ತಿಗಳ ಸಮುದಾಯದವರು. ಗರಡಿಗಳು ಅವರ ಪರಂಪರೆಯ ಭಾಗ. ಸಾವಿರಾರು ಜನರ ನೂಕುನುಗ್ಗಲಿನಲ್ಲಿ ಹರಿತವಾದ ಕತ್ತಿ ಹಿಡಿದು ಹೆಜ್ಜೆ ತಪ್ಪದೆ ನಡೆಯುವುದೇನು ಸಣ್ಣ ಅಭ್ಯಾಸವೆ?

ಗರಡಿಗೆ ಒಂದು ಮಿತಿಯೂ ಇತ್ತು, ಅದನ್ನು ಮುಚ್ಚಿಡಬಾರದು. ಅದು ಗಂಡಸರ ಮನೆ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಎಷ್ಟೋ ಗರಡಿಗಳು ಒಂದೊಂದು ಕುಲ, ಒಂದೊಂದು ಕೇರಿಯವರದಾಗಿದ್ದವು. ಚೀನದಲ್ಲೂ ಹಾಗೆಯೇ ಇತ್ತು. ವಿದ್ಯೆ ಮನೆತನದ ಗುಟ್ಟು, ಹಳ್ಳಿಯ ಗುಟ್ಟು. ಈ ಬಾಗಿಲನ್ನು ತೆರೆದ ಕೀರ್ತಿಯ ದೊಡ್ಡ ಪಾಲು 1910ರಲ್ಲಿ ಶಾಂಘೈ ನಗರದಲ್ಲಿ ಆರಂಭವಾದ 'ಜಿಂಗ್‌ವು' ಎಂಬ ಸಂಸ್ಥೆಗೆ ಸಲ್ಲುತ್ತದೆ. ಹುವೊ ಯುವಾನ್‌ಜಿಯಾ ಎಂಬ ಹೆಸರಾಂತ ಗುರುವಿನ ಸುತ್ತ ಅದು ಹುಟ್ಟಿತು. ಅವರು ಅದೇ ವರ್ಷ ತೀರಿಕೊಂಡರೂ ಸಂಸ್ಥೆ ಉಳಿಯಿತು. ಬೇರೆ ಬೇರೆ ಪರಂಪರೆಯ ಗುರುಗಳು ಒಂದೇ ಸೂರಿನಡಿ ಕಲಿಸಿದರು. ಶುಲ್ಕ ಕೊಟ್ಟ ಗುಮಾಸ್ತ, ವ್ಯಾಪಾರಿ, ವಿದ್ಯಾರ್ಥಿ ಯಾರು ಬೇಕಾದರೂ ಸೇರಬಹುದಿತ್ತು. ಸ್ತ್ರೀಯರಿಗೂ ಶಿಕ್ಷಣ ದೊರೆಯಿತು. ಪುಸ್ತಕಗಳಲ್ಲಿ ಭಾವಚಿತ್ರಗಳ ಸಮೇತ ವರಸೆಗಳನ್ನು ಅಚ್ಚುಹಾಕಿದರು. 1920ರ ದಶಕದಲ್ಲಿ ಅದರ ಶಾಖೆಗಳು ಮಲಯಕ್ಕೂ ಕಡಲಾಚೆಯ ಆ ಸಿಂಗಾಪುರಕ್ಕೂ ಹರಡಿದವು. ಪರಸ್ಪರ ಅರ್ಥವಾಗದ ಚೀನೀ ನುಡಿಗಳನ್ನಾಡುವ ವಲಸಿಗರು ಅಲ್ಲಿ ಒಂದೇ ಸಾಲಿನಲ್ಲಿ ನಿಂತು ಕಲಿತರು. ನಮ್ಮ ಸಿಂಗಾಪುರದಂಥ ಹೊಸ ಬಡಾವಣೆಯ ಸಂಜೆಯ ತರಗತಿಗೆ ಗರಡಿಗಿಂತ ಈ ಜಿಂಗ್‌ವು ಹತ್ತಿರದ ನೆಂಟ ಎನ್ನಬೇಕು.

ಇಲ್ಲಿ ಬೋಧಿಧರ್ಮನ ಮಾತು ಬಂದೇ ಬರುತ್ತದೆ. ದಕ್ಷಿಣ ಭಾರತದ ರಾಜಕುಮಾರನೊಬ್ಬ ಶಾವೊಲಿನ್ ಮಠಕ್ಕೆ ಹೋಗಿ ಕುಂಗ್‌ಫು ಕಲಿಸಿದನೆಂಬ ಕಥೆಯನ್ನು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಕೇಳಲು ಹೆಮ್ಮೆ ತರುವ ಕಥೆಯೇನೋ ಹೌದು. ಆದರೆ ಬೋಧಿಧರ್ಮನಿಗೂ ವ್ಯಾಯಾಮಕ್ಕೂ ಗಂಟುಹಾಕುವ ಗ್ರಂಥ 17ನೆಯ ಶತಮಾನದ್ದು, ಅವನ ಕಾಲಕ್ಕಿಂತ ಸಾವಿರ ವರ್ಷ ಈಚಿನದು. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಒಪ್ಪುವುದು ಇಷ್ಟನ್ನು: 5ನೆಯ ಶತಮಾನದ ಕೊನೆಯಲ್ಲಿ ಆ ಮಠ ಕಟ್ಟಿದ್ದು ಬಾತುವೊ ಎಂದು ಚೀನೀಯರು ಕರೆದ ಭಾರತೀಯ ಭಿಕ್ಷುವಿಗಾಗಿ. ಮಠದ ಭಿಕ್ಷುಗಳು 621ರಲ್ಲಿ ಟಾಂಗ್ ವಂಶದ ಪರವಾಗಿ ಹೋರಾಡಿದ್ದಕ್ಕೆ ಅಲ್ಲಿಯೇ ಶಿಲಾಶಾಸನದ ಸಾಕ್ಷಿಯಿದೆ. ಹೆಮ್ಮೆಪಡಲು ಇಷ್ಟು ಸಾಲದೆ?

ಹೆಣ್ಣುಮಕ್ಕಳ ವಿಷಯಕ್ಕೆ ಮರಳೋಣ. ಕರ್ನಾಟಕದ ಸರ್ಕಾರಿ ವಸತಿ ಶಾಲೆ, ವಿದ್ಯಾರ್ಥಿನಿಲಯಗಳ ಬಾಲಕಿಯರಿಗೆ ಚಿತ್ರದುರ್ಗದ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ತರಬೇತಿ ನೀಡಲಾಗಿದೆ. ಒನಕೆ ಹಿಡಿದ ಆ ತಾಯಿಯ ಹೆಸರು ತಕ್ಕದ್ದೇ. ಆದರೂ ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ಕೆಲವು ವಾರಗಳ ತರಬೇತಿಯಿಂದ ಯಾರೂ ಗೆಲ್ಲಲಾರದ ವೀರರಾಗುವುದಿಲ್ಲ. ಅಪಾಯದ ಹೊತ್ತಿನಲ್ಲಿ ಮೊದಲ ಉಪಾಯ ಕೂಗಿ ಜನ ಸೇರಿಸುವುದು, ಎರಡನೆಯದು ಓಡುವುದು; ಬಿಡಿಸಿಕೊಳ್ಳುವ ಪಟ್ಟು ಆಮೇಲಿನದು. ಒಳ್ಳೆಯ ಗುರುಗಳು ಇದನ್ನೇ ಮೊದಲು ಹೇಳುತ್ತಾರೆ. ತರಬೇತಿಯಿಂದ ನಿಜವಾಗಿ ಒದಗುವುದು ಇನ್ನೊಂದಿದೆ. ಗಟ್ಟಿ ದನಿಯಲ್ಲಿ 'ಬಿಡು' ಎನ್ನಲು ಬಾಯಿ ಬರುತ್ತದೆ. ಬೀದಿಯ ಆ ಇಪ್ಪತ್ತು ಮಂದಿಗೆ ನಿಮ್ಮ ಗುರುತಿರುತ್ತದೆ, ನಿಮ್ಮ ಕೂಗು ಕೇಳಿದರೆ ಅವರು ಕಿಟಕಿ ಮುಚ್ಚುವುದಿಲ್ಲ.

2023ರಲ್ಲಿ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಮಣಿಪುರದ ರೋಶಿಬಿನಾ ದೇವಿ ವುಶು ಸ್ಪರ್ಧೆಯ 60 ಕಿಲೊ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಆಗ ಅವರ ರಾಜ್ಯ ಹಿಂಸೆಯಲ್ಲಿ ಬೇಯುತ್ತಿತ್ತು. ಅದೇ ಕೂಟಕ್ಕೆ ಆಯ್ಕೆಯಾಗಿದ್ದ ಅರುಣಾಚಲ ಪ್ರದೇಶದ ಮೂವರು ವುಶು ಆಟಗಾರ್ತಿಯರಿಗೆ ಚೀನ ಪ್ರವೇಶ ಸಿಗದೆ, ಅವರು ಹೋಗಲಾಗಲಿಲ್ಲ. ಪದಕ ಬಂದ ಮೇಲೆ ರೋಶಿಬಿನಾ ನೆನೆದದ್ದು ತಮ್ಮ ಮಣಿಪುರವನ್ನು, ಮತ್ತು ಆ ಮೂವರಲ್ಲಿ ಒಬ್ಬರಾದ, ತಮ್ಮೊಡನೆ ಅಭ್ಯಾಸ ಮಾಡುತ್ತಿದ್ದ ಗೆಳತಿ ಒನಿಲು ತೇಗಾ ಅವರನ್ನು.

ಇನ್ನು ನೀವು ಸೇರಬೇಕೆಂದಿದ್ದರೆ ಕೆಲವು ಮಾತು. ಬಣ್ಣಬಣ್ಣದ ಪಟ್ಟಿಗಳಿಗೆ ಮರುಳಾಗಬೇಡಿ. ದರ್ಜೆಗೊಂದು ಪಟ್ಟಿ ಕೊಡುವ ಪದ್ಧತಿ ಹಳೆಯ ಕುಂಗ್‌ಫುವಿನದಲ್ಲ. 1882ರಲ್ಲಿ ಜೂಡೊ ಶಾಲೆಯನ್ನು ಸ್ಥಾಪಿಸಿದ ಜಪಾನಿನ ಕಾನೊ ಜಿಗೊರೊ ಅವರ ವ್ಯವಸ್ಥೆಯಿಂದ ಬೆಳೆದುಬಂದದ್ದು. ಮೂರು ತಿಂಗಳಿಗೊಂದು ಪಟ್ಟಿ, ಪ್ರತಿಯೊಂದಕ್ಕೂ ಬೇರೆ ಶುಲ್ಕ ಎಂದರೆ ಅಲ್ಲಿ ವಿದ್ಯೆಗಿಂತ ಅಂಗಡಿ ದೊಡ್ಡದು. ಮಂಡಿ ನೋಯುತ್ತಿದೆ ಎಂದರೂ ನಿಲ್ಲಿಸಗೊಡದ ಕಡೆ ಇರಬೇಡಿ. ತೊಡೆಯ ಉರಿ ಸಹಜ, ಕೀಲಿನ ನೋವು ಸಹಜವಲ್ಲ. ಉಬ್ಬಸ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಸೇರುವ ಮೊದಲು ಒಂದು ಸಂಜೆ ಸುಮ್ಮನೆ ಬದಿಯಲ್ಲಿ ಕುಳಿತು ನೋಡಿ. ಹಾಗೆ ನೋಡಲು ಬಿಡದ ತರಗತಿಯನ್ನು ಬಿಟ್ಟುಬಿಡಿ. ಗುರು ಎಷ್ಟು ಎತ್ತರಕ್ಕೆ ಒದೆಯುತ್ತಾರೆಂದು ಗಮನಿಸುವ ಅಗತ್ಯವಿಲ್ಲ. ಎಲ್ಲರಿಗಿಂತ ಸಣ್ಣ ಮಗುವೊಂದು ವರಸೆ ಮರೆತು ನಡುವೆ ನಿಂತುಬಿಟ್ಟಾಗ ಸಾಲಿನಲ್ಲಿದ್ದ ಹಿರಿಯರು ನಗುತ್ತಾರೆಯೆ, ಅಥವಾ ಯಾರಾದರೂ ಪಕ್ಕಕ್ಕೆ ಬಂದು ನಿಂತು ಮೊದಲ ಹೆಜ್ಜೆಯನ್ನು ಮತ್ತೆ ತೋರಿಸುತ್ತಾರೆಯೆ, ಅದನ್ನು ನೋಡಿ.